ವಸತಿಶಾಲೆಯ ಪ್ರವೇಶವೂ ಸಂದರ್ಶನವೂ

ಬಿ.ಎ. ಓದುವ ಹುಡುಗ ರಜೆಗೆ ಊರಿಗೆ ಹೋದರೆ ಅವನಿಗಾಗಿ ಎರಡು ಕೆಲಸಗಳು ಕಾದಿರುತ್ತವೆ. ಮೊದಲನೆಯದು, ನೆರೆಹೊರೆಯವರ ಮೊಬೈಲಿಗೆ ಬಂದ ಬ್ಯಾಂಕಿನ ಸಂದೇಶಗಳನ್ನು ಓದಿ, ಹಣ ಬಂತೋ ಹೋಯಿತೋ ಎಂಬುದನ್ನು ತಿಳಿಸುವುದು. ಎರಡನೆಯದು, ಐದನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳಿಗಾಗಿ ವಸತಿಶಾಲೆಯ ಅರ್ಜಿಗಳನ್ನು ತುಂಬಿಕೊಡುವುದು. ಮೊದಲನೆಯ ಕೆಲಸ ಸುಲಭ. ಎರಡನೆಯದೂ ಸುಲಭವೆಂದೇ ನಾನು ಭಾವಿಸಿದ್ದೆ. ಕಳೆದ ಮೂರು ವರ್ಷಗಳಲ್ಲಿ ಹನ್ನೊಂದು ಮಕ್ಕಳ ಅರ್ಜಿಗಳನ್ನು ತುಂಬಿದ ಮೇಲೆ ಆ ಭಾವನೆ ಬಿಟ್ಟುಹೋಗಿದೆ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಪದವೀಧರರಾಗಲಿರುವವರೇ ಹೆಚ್ಚು. ಅವರಿಗೂ ಈ ಕೆಲಸ ತಪ್ಪಿದ್ದಲ್ಲವಾದುದರಿಂದ ನಾನು ಕಂಡುಕೊಂಡುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಧ್ಯಾಪಕ ಮಹಾಶಯರಿಗೆ ಇದರಲ್ಲಿ ಹೊಸದೇನೂ ಇರಲಾರದು. ಆದರೆ ಸಂದರ್ಶಕರ ಕುರ್ಚಿಯಲ್ಲಿ ಕೂರುವ ಸಂದರ್ಭ ಅವರಿಗೆ ಬರುವುದುಂಟಷ್ಟೆ. ಆ ಕಾರಣದಿಂದ ಲೇಖನದ ಹಿಂಭಾಗವನ್ನಾದರೂ ಅವರು ಓದಬೇಕೆಂದು ಬಿನ್ನಹ.

ನಮ್ಮ ಕಡೆಯ ಜನ ಎಲ್ಲವನ್ನೂ 'ಹಾಸ್ಟೆಲ್ ಇಸ್ಕೂಲು' ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ವಾಸ್ತವವಾಗಿ ಇವು ಬೇರೆ ಬೇರೆ ಉದ್ದೇಶಗಳಿಂದ ಹುಟ್ಟಿದ ಶಾಲೆಗಳು. ಬಾಗಿಲುಗಳೂ ಬೇರೆ ಬೇರೆ. ಜವಾಹರ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಹಳ್ಳಿಯ ಜಾಣ ಮಕ್ಕಳು ಹಳ್ಳಿಯಲ್ಲಿದ್ದಾರೆಂಬ ಒಂದೇ ಕಾರಣಕ್ಕೆ ಹಿಂದುಳಿಯಬಾರದೆಂಬುದು ಅವುಗಳ ಆಶಯ. ಆದುದರಿಂದ ಜಿಲ್ಲೆಯ ಸ್ಥಾನಗಳಲ್ಲಿ ಶೇಕಡ 75ಕ್ಕೆ ಕಡಿಮೆಯಿಲ್ಲದಷ್ಟು ಗ್ರಾಮಾಂತರದ ಮಕ್ಕಳಿಗೆ ಮೀಸಲು. ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಒಂದು ವಿದ್ಯಾಲಯದ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳು.

ಸೈನಿಕ ಶಾಲೆಗಳು ಅದಕ್ಕಿಂತ ಹಳೆಯವು. ವಿ. ಕೆ. ಕೃಷ್ಣ ಮೆನನ್ ಅವರು ರಕ್ಷಣಾ ಸಚಿವರಾಗಿದ್ದಾಗ, 1961ರಲ್ಲಿ ಇವು ಪ್ರಾರಂಭವಾದುವು. ಸೈನ್ಯದ ಅಧಿಕಾರಿಗಳ ಪದವಿ ಸಾಮಾನ್ಯರ ಮಕ್ಕಳಿಗೂ ಎಟುಕಬೇಕೆಂಬುದು ಉದ್ದೇಶ. ನಮ್ಮ ರಾಜ್ಯದಲ್ಲಿ ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. 2021-22ರಿಂದ ಹೆಣ್ಣುಮಕ್ಕಳಿಗೂ ಈ ಶಾಲೆಗಳ ಬಾಗಿಲು ತೆರೆದಿದೆ. ಇಲ್ಲಿ ಶುಲ್ಕವುಂಟು, ತಂದೆತಾಯಿಗಳ ವರಮಾನವನ್ನು ನೋಡಿ ವಿದ್ಯಾರ್ಥಿವೇತನ ಕೊಡುವ ಏರ್ಪಾಡೂ ಉಂಟು.

ಮೂರನೆಯವು ನಮ್ಮ ರಾಜ್ಯ ಸರ್ಕಾರದವು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮೊದಲಾದ ಹೆಸರಿನ ಶಾಲೆಗಳು. ಇವುಗಳ ಪ್ರವೇಶ ಪರೀಕ್ಷೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನಾನು ಆರರಿಂದ ಹತ್ತರವರೆಗೆ ಓದಿದುದು ಇಂಥದೊಂದು ಶಾಲೆಯಲ್ಲಿ. ಇವಲ್ಲದೆ ಮಠಗಳ, ಧರ್ಮಸಂಸ್ಥೆಗಳ, ಖಾಸಗಿಯವರ ವಸತಿಶಾಲೆಗಳು ಲೆಕ್ಕವಿಲ್ಲದಷ್ಟಿವೆ. ಅವುಗಳ ನಿಯಮ ಅವುಗಳದು.

ಇನ್ನು ಅರ್ಜಿಯ ಮಾತು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಇಷ್ಟೇ ತಾನೆ ಎಂದು ಯಾರಾದರೂ ಕೇಳಬಹುದು. ಹೌದು, ಇಷ್ಟೇ. ಆದರೆ ನಮ್ಮ ಮನೆಗಳಲ್ಲಿ ಈ ಮೂರೂ ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿರುತ್ತವೆ. ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ಬೀದಿಗೆ ನಾಲ್ಕು. ಅದೇ ಮನುಷ್ಯ ಶಾಲೆಯ ದಾಖಲೆಯಲ್ಲಿ ತಿಪ್ಪೇಸ್ವಾಮಿ, ಆಧಾರ್ ಕಾರ್ಡಿನಲ್ಲಿ ತಿಪ್ಪೇಶ, ರೇಷನ್ ಕಾರ್ಡಿನಲ್ಲಿ ತಿಪ್ಪಯ್ಯ. ಊರಿನವರಿಗೆ ಮೂವರೂ ಒಬ್ಬನೇ. ಕಂಪ್ಯೂಟರಿಗೆ ಮಾತ್ರ ಆ ಮಗುವಿಗೆ ಮೂವರು ತಂದೆಯರು. ಅರ್ಜಿಯ ಗಡುವು ಇನ್ನು ಎರಡು ದಿನವಿದೆ ಎನ್ನುವಾಗ ಈ ತೊಡಕು ಕಣ್ಣಿಗೆ ಬಿದ್ದರೆ ಏನೂ ಮಾಡಲಾಗದು. ಅದಕ್ಕಾಗಿ ನಾನು ಈಗ ಅನುಸರಿಸುವ ಪದ್ಧತಿಯನ್ನು ಹೇಳುತ್ತೇನೆ. ಮಗು ನಾಲ್ಕನೆಯ ತರಗತಿಯಲ್ಲಿರುವಾಗಲೇ ಆ ಮನೆಯ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿಸಿ, ಹೆಸರು ಹೆಸರಿಗೆ ತಾಳೆ ನೋಡುವುದು. ತಪ್ಪಿದ್ದರೆ ತಿದ್ದಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶ ಸಿಗುತ್ತದೆ.

ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಬೇಕು. ಅವುಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನೂ, ಶಾಲೆಯವರು ಕೊಡುವ ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆಯನ್ನೂ ರಾಜ್ಯದ ವಸತಿಶಾಲೆಗಳ ಅರ್ಜಿಯಲ್ಲಿ ಕೇಳುತ್ತಾರೆ. ಪತ್ರಕ್ಕೆ ತಗಲುವ ಶುಲ್ಕ ಅಲ್ಪವೇ. ಆದರೆ ಕೂಲಿಯವನು ನಾಡಕಚೇರಿಗೆ ಮೂರು ಸಲ ಹೋದನೆಂದರೆ ಮೂರು ದಿನದ ಕೂಲಿ ಹೋಯಿತು. ಆ ಲೆಕ್ಕವನ್ನು ಯಾವ ಅರ್ಜಿಯಲ್ಲಿಯೂ ಬರೆಯಲು ಜಾಗವಿಲ್ಲ. ಉಚಿತವಾದ ಅರ್ಜಿ ಎಷ್ಟು ಬೆಲೆಯದೆಂಬುದು ನಮ್ಮ ತಾಯಂದಿರಿಗೆ ಗೊತ್ತು.

ನವೋದಯದ ಅರ್ಜಿಯಲ್ಲಿ ಒಂದು ಸೂಕ್ಷ್ಮವುಂಟು. ಅದನ್ನು ತಿಳಿಯದೆ ನಮ್ಮೂರಿನ ಒಬ್ಬ ಹುಡುಗ ನಷ್ಟಪಟ್ಟ. ಗ್ರಾಮಾಂತರದ ಮೀಸಲಾತಿ ಬೇಕಾದರೆ ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ಣವಾಗಿ ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಪಟ್ಟಣದ ಶಾಲೆಯಲ್ಲಿ ಒಂದೇ ಒಂದು ದಿನ ಓದಿದ್ದರೂ ಅವನು ಪಟ್ಟಣದವನೆಂದು ಪರಿಗಣಿತನಾಗುತ್ತಾನೆ. ಆ ಹುಡುಗನ ತಂದೆತಾಯಿಗಳು ಬರಗಾಲದ ವರ್ಷ ಇಟ್ಟಿಗೆ ಗೂಡಿನ ಕೆಲಸಕ್ಕೆಂದು ಪಟ್ಟಣದ ಅಂಚಿಗೆ ಹೋಗಿದ್ದರು. ಮಗನನ್ನು ಸುಮ್ಮನೆ ಬಿಡಬಾರದೆಂದು ಅಲ್ಲಿಯೇ ಶಾಲೆಗೆ ಸೇರಿಸಿದರು. ನಾಲ್ಕು ತಿಂಗಳು ಓದಿಸಿದರು. ಮಗನನ್ನು ಶಾಲೆಗೆ ಸೇರಿಸದೆ ಗೂಡಿನ ಬಳಿ ಮಣ್ಣಾಡಲು ಬಿಟ್ಟಿದ್ದರೆ ಅವನು ಹಳ್ಳಿಯವನಾಗಿಯೇ ಉಳಿಯುತ್ತಿದ್ದನೋ ಏನೋ! ನಿಯಮವನ್ನು ಮಾಡಿದವರ ಮನಸ್ಸಿನಲ್ಲಿ ಇದ್ದುದು ಬೇರೆ. ಪಟ್ಟಣದ ಉಳ್ಳವರು ಕೊನೆಯ ಗಳಿಗೆಯಲ್ಲಿ ಮಕ್ಕಳನ್ನು ಹಳ್ಳಿಯ ಶಾಲೆಗೆ ಸೇರಿಸಿ ಹಳ್ಳಿಯ ಸ್ಥಾನಗಳನ್ನು ಪಡೆಯದಿರಲೆಂದು ಅವರು ಕಟ್ಟಿದ ಬೇಲಿ ಇದು. ಬೇಲಿ ಒಳ್ಳೆಯದೇ, ಆದರೆ ಗುಳೆ ಹೋಗುವವರನ್ನು ಅದು ಗುರುತಿಸದು. ಅರ್ಜಿ ತುಂಬುವವರು ಈ ಮೂರು ವರ್ಷದ ಇತಿಹಾಸವನ್ನು ಮೊದಲು ವಿಚಾರಿಸಬೇಕು. ಇನ್ನೊಂದು ಸಂಗತಿಯೆಂದರೆ, ಆರನೆಯ ತರಗತಿಯ ನವೋದಯ ಪರೀಕ್ಷೆಗೆ ಜನ್ಮದಲ್ಲಿ ಒಂದೇ ಸಲ ಕೂರಬಹುದು. ಮುಂದಿನ ವರ್ಷ ನೋಡೋಣ ಎಂಬ ಮಾತಿಗೆ ಎಡೆಯಿಲ್ಲ.

ಪರೀಕ್ಷೆಯ ವಿಷಯದಲ್ಲಿ ಮಾರ್ಗದರ್ಶಿ ಪುಸ್ತಕಗಳು ಬೇಕಾದಷ್ಟಿವೆಯಾಗಿ ನಾನು ಹೆಚ್ಚು ಬರೆಯುವುದಿಲ್ಲ. ನವೋದಯದ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆಗಳು, 100 ಅಂಕಗಳು. ಅದರಲ್ಲಿ ಅರ್ಧ, ಎಂದರೆ 40 ಪ್ರಶ್ನೆಗಳು, ಬರಿಯ ಚಿತ್ರಗಳು. ಉಳಿದುದು ಅಂಕಗಣಿತ ಮತ್ತು ಭಾಷೆ. ಕನ್ನಡದಲ್ಲಿಯೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸೈನಿಕ ಶಾಲೆಯ ಆರನೆಯ ತರಗತಿಯ ಪರೀಕ್ಷೆಯಲ್ಲಿ 300 ಅಂಕಗಳು. ಅವುಗಳಲ್ಲಿ 150 ಗಣಿತಕ್ಕೇ ಮೀಸಲು. ಲೆಕ್ಕದಲ್ಲಿ ಹಿಂದುಳಿದ ಮಗುವನ್ನು ಅಲ್ಲಿಗೆ ಕಳಿಸುವ ಮುನ್ನ ಯೋಚಿಸಬೇಕು.

ಚಿತ್ರದ ಪ್ರಶ್ನೆಗಳನ್ನು ಕಂಡು ಹಳ್ಳಿಯ ಮಕ್ಕಳು ಹೆದರುತ್ತಾರೆ, ಹೆದರಬೇಕಾಗಿಲ್ಲ. ಕಾಗದವನ್ನು ಮಡಿಸಿ ತೂತು ಕೊರೆದು, ಬಿಡಿಸಿದರೆ ಹೇಗೆ ಕಾಣುತ್ತದೆಂದು ಕೇಳುವ ಒಂದು ಬಗೆಯ ಪ್ರಶ್ನೆಯಿದೆ. ನನ್ನ ಚಿಕ್ಕಮ್ಮನ ಮಗಳು ಅದನ್ನು ಕಂಡೊಡನೆ ನಕ್ಕುಬಿಟ್ಟಳು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಬಣ್ಣದ ಕಾಗದ ಮಡಿಸಿ ಕತ್ತರಿಯಾಡಿಸಿ ತೋರಣ ಕಟ್ಟಿದವಳಿಗೆ ಅದು ಪ್ರಶ್ನೆಯೇ ಅಲ್ಲ! ಕನ್ನಡಿಯ ಬಿಂಬ, ರಂಗೋಲಿಯಂತೆ ಅರ್ಧ ಬಿಟ್ಟ ಆಕೃತಿ, ಇವೂ ಹಾಗೆಯೇ. ನಾವು ಮಾಡಬೇಕಾದ ಕೆಲಸ, ಪುಸ್ತಕದ ಚಿತ್ರಕ್ಕೂ ಅವರ ಕೈಗೆ ಗೊತ್ತಿರುವ ಕೆಲಸಕ್ಕೂ ಇರುವ ನೆಂಟಸ್ತಿಕೆಯನ್ನು ತೋರಿಸಿಕೊಡುವುದು.

ಈಗ ಸಂದರ್ಶನದ ವಿಷಯಕ್ಕೆ ಬರುತ್ತೇನೆ. ನವೋದಯದಲ್ಲಿ ಸಂದರ್ಶನವಿಲ್ಲ. ರಾಜ್ಯದ ವಸತಿಶಾಲೆಗಳಲ್ಲಿ ಅಂಕ ಮತ್ತು ಮೀಸಲಾತಿಯ ಮೇಲೆ ಸ್ಥಾನ ಹಂಚುತ್ತಾರೆ. ಸೈನಿಕ ಶಾಲೆಗಳಲ್ಲಿ ಹಿಂದೆ ಸಂದರ್ಶನವಿತ್ತು. ಈಗ ಲಿಖಿತ ಪರೀಕ್ಷೆಯ ಬಳಿಕ ವೈದ್ಯಕೀಯ ಪರೀಕ್ಷೆ ಮಾತ್ರ. ಸರ್ಕಾರದ ದೊಡ್ಡ ಶಾಲೆಗಳ ಪೈಕಿ ಸಂದರ್ಶನವನ್ನು ಉಳಿಸಿಕೊಂಡಿರುವವುಗಳಲ್ಲಿ ಒಂದು ಡೆಹರಾಡೂನಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು. 1922ರಲ್ಲಿ ಸ್ಥಾಪಿತವಾದ ಇದು ಹೆಸರಿಗೆ ಕಾಲೇಜಾದರೂ ಸೇರುವುದು ಎಂಟನೆಯ ತರಗತಿಗೆ. ಗಣಿತಕ್ಕೆ 200, ಇಂಗ್ಲಿಷಿಗೆ 125, ಸಾಮಾನ್ಯ ಜ್ಞಾನಕ್ಕೆ 75 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು 50 ಅಂಕಗಳ ಸಂದರ್ಶನಕ್ಕೆ ಕರೆಯುತ್ತಾರೆ. ಸಂದರ್ಶನದಲ್ಲಿಯೂ ಅರ್ಧಕ್ಕೆ ಕಡಿಮೆಯಾಗಬಾರದು. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ.

ಇನ್ನು ಕಾಯಿದೆಯ ಮಾತು. 2009ರ ಶಿಕ್ಷಣದ ಹಕ್ಕು ಕಾಯಿದೆಯ 13ನೆಯ ವಿಧಿಯು ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಜರಡಿ ಹಿಡಿಯಬಾರದೆಂದು ಹೇಳುತ್ತದೆ. ತಪ್ಪಿದರೆ ಮೊದಲ ಸಲಕ್ಕೆ 25,000 ರೂಪಾಯಿಗಳವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿಗಳವರೆಗೆ ದಂಡ. ಆದರೂ ಖಾಸಗಿ ವಸತಿಶಾಲೆಗಳಲ್ಲಿ 'ಪರಿಚಯ', 'ಮಾತುಕತೆ' ಎಂಬ ಹೆಸರುಗಳಲ್ಲಿ ಸಂದರ್ಶನ ನಡೆದೇ ಇದೆ. ಬಾಗಿಲ ಬಳಿ ಕೈಕಟ್ಟಿ ನಿಂತ ತಂದೆ ಕಾಯಿದೆಯ ಪುಸ್ತಕ ತೆರೆಯುವುದಿಲ್ಲ. ತೆರೆದರೆ ಮಗನಿಗೆ ಸೀಟು ಸಿಕ್ಕೀತೆಂಬ ನಂಬಿಕೆ ಅವನಿಗಿಲ್ಲ. ನನ್ನ ತಂದೆಗಂತೂ ಅಂಥ ಕಾಯಿದೆಯೊಂದು ಇರುವುದೇ ಗೊತ್ತಿರಲಿಲ್ಲ.

2016ರಲ್ಲಿ, ನನಗೆ ಹತ್ತು ವರ್ಷ ತುಂಬಿ ಹನ್ನೊಂದು ನಡೆಯುತ್ತಿದ್ದಾಗ, ಒಂದು ಧರ್ಮಸಂಸ್ಥೆಯ ವಸತಿಶಾಲೆಯಿಂದ ನನಗೆ ಸಂದರ್ಶನದ ಕರೆ ಬಂತು. ಆ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿ ಕೆಲವು ಸ್ಥಾನಗಳು ಬಡವರ ಮಕ್ಕಳಿಗೆ ಪೂರ್ತಿ ಉಚಿತ. ನಮ್ಮ ಮೇಷ್ಟ್ರು ನನಗೆ ಒಂದು ತಿಂಗಳು ತರಬೇತಿ ಕೊಟ್ಟರು. ರಾಜ್ಯಗಳ ರಾಜಧಾನಿಗಳು, ಮುಖ್ಯಮಂತ್ರಿಗಳು, ಉದ್ದವಾದ ನದಿ, ಎತ್ತರವಾದ ಶಿಖರ ಎಲ್ಲವೂ ಬಾಯಿಪಾಠವಾದುವು. ನನ್ನ ತಂದೆ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಶೇಂಗಾ ಚೀಲಗಳನ್ನು ಲಾರಿಗೆ ಏರಿಸುವುದು, ಇಳಿಸುವುದು ಅವರ ಕೆಲಸ. ಅಂದು ಅವರು ತಮ್ಮನ ಅಂಗಿಯನ್ನು ಕೇಳಿ ಹಾಕಿಕೊಂಡಿದ್ದರು. ಭುಜದ ಬಳಿ ಅದು ಬಿಗಿಯಾಗಿತ್ತೆಂಬುದು ನನಗೆ ಈಗಲೂ ನೆನಪಿದೆ.

ಒಳಗೆ ಮೇಜಿನ ಹಿಂದೆ ಮೂವರು ಕುಳಿತಿದ್ದರು. ಕೆಟ್ಟವರೆಂದು ನಾನು ಹೇಳಲಾರೆ, ನಗುತ್ತಲೇ ಮಾತಾಡಿಸಿದರು. ರಾಜಧಾನಿಗಳನ್ನು ಯಾರೂ ಕೇಳಲಿಲ್ಲ. ಮೊದಲನೆಯವರು, "ಮನೆಗೆ ಯಾವ ಪೇಪರ್ ತರಿಸ್ತೀರಪ್ಪಾ?" ಎಂದರು. ನಮ್ಮ ಮನೆಗೂ ಪತ್ರಿಕೆ ಬರುತ್ತಿತ್ತು, ಆದರೆ ಮಂಡಕ್ಕಿಯ ಪೊಟ್ಟಣವಾಗಿ. ನಾನು ಸುಮ್ಮನಿದ್ದೆ. ಎರಡನೆಯವರು, "ರಜದಲ್ಲಿ ಎಲ್ಲೆಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು. ಅಜ್ಜಿಯ ಊರಿಗೆ ಹೋಗಿ ಹುಣಸೆಹಣ್ಣು ಬಡಿದುದನ್ನು ಹೇಳಬಹುದಾಗಿತ್ತು. ಅದು ಉತ್ತರವಾಗುತ್ತದೆಂದು ನನಗೆ ತೋರಲಿಲ್ಲ. ನನ್ನ ಮುಂದೆ ಒಳಗೆ ಹೋಗಿಬಂದ ಹುಡುಗ ಊಟಿಯ ಹೆಸರು ಹೇಳಿದೆನೆಂದಿದ್ದ. ಮೂರನೆಯವರು ಕೇಳಿದರು: "ಅಪ್ಪ ಏನು ಕೆಲಸ ಮಾಡ್ತಾರೆ?"

ನಾನು, "ಬಿಸಿನೆಸ್ ಸಾರ್" ಎಂದೆ.

"ಏನು ಬಿಸಿನೆಸ್ಸು?"

"ಶೇಂಗಾ ವ್ಯಾಪಾರ ಸಾರ್."

ಅವರು ಕೈಯಲ್ಲಿದ್ದ ಅರ್ಜಿಯನ್ನು ನೋಡಿದರು. ಅದರಲ್ಲಿ 'ಕೂಲಿ' ಎಂದು ಬರೆದಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ತಂದೆಯ ಕಡೆಗೆ ತಿರುಗಿ, "ನೀವು ವ್ಯಾಪಾರಸ್ಥರೇನ್ರಿ?" ಎಂದರು. ತಂದೆ ಒಂದು ಸಲ ನನ್ನ ಮುಖ ನೋಡಿದರು. "ಹೂಂ ಸಾರ್, ಸಣ್ಣದಾಗಿ" ಎಂದರು.

ಆ ಮಹನೀಯರು ನಮ್ಮ ಆದಾಯದ ಪ್ರಮಾಣಪತ್ರವನ್ನು ತೆಗೆದು ಬೇರೆಯಾಗಿ ಇಟ್ಟರು. ಇನ್ನು ಹೋಗಬಹುದೆಂದರು. ಸೀಟು ಸಿಗಲಿಲ್ಲ. ಇದಕ್ಕಾಗಿಯೇ ತಪ್ಪಿತೆಂದು ನಾನು ಹೇಳಲಾರೆ. ನನಗಿಂತ ಬಲ್ಲ ಮಕ್ಕಳು ಬೇಕಾದಷ್ಟು ಬಂದಿದ್ದರು. ಆದರೆ ಬಡವರಿಗೆಂದು ಇಟ್ಟ ಸ್ಥಾನವನ್ನು ಕೇಳಲು ಹೋಗಿ, ಬಡವನಲ್ಲವೆಂದು ಹೇಳಿ ಬಂದವನು ನಾನು. ಮಗನ ಮಾನ ಉಳಿಸಲು ತಂದೆ ಆಡಿದ ಒಂದು ಮಾತಿನಿಂದ ಸುಳ್ಳು ಪತ್ರ ತಂದವರೆಂಬ ಸಂದೇಹವೂ ಅವರ ಮೇಲೆ ಬಂದಿರಬೇಕು. ಬಸ್ಸಿನಲ್ಲಿ ಅರ್ಧ ದಾರಿಯವರೆಗೂ ತಂದೆ ಮಾತಾಡಲಿಲ್ಲ. ಆಮೇಲೆ, "ಯಾವೂರಾಗೆ ಅಂಗಡಿ ಹಾಕಿಕೊಟ್ಟಿಯಪ್ಪಾ ನಂಗೆ?" ಎಂದು ಕೇಳಿ ನಕ್ಕರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತು.

ಆ ವರ್ಷವೇ ಸರ್ಕಾರದ ವಸತಿಶಾಲೆಯಲ್ಲಿ ನನಗೆ ಸ್ಥಾನ ದೊರೆಯಿತು. ಅಲ್ಲಿ ಯಾರೂ ಮನೆಗೆ ಯಾವ ಪತ್ರಿಕೆ ಬರುತ್ತದೆಂದು ಕೇಳಲಿಲ್ಲ. ಕಪ್ಪು ಮಾಡಿದ ದುಂಡುಗಳನ್ನು ಯಂತ್ರ ಎಣಿಸಿತು; ಯಂತ್ರಕ್ಕೆ ಅಂಗಿಯ ಬಿಗಿ ಕಾಣುವುದಿಲ್ಲ. ಅಲ್ಲಿಯೂ ಸಂದರ್ಶನವಿದ್ದಿದ್ದರೆ ನಾನು ಈ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆನೋ ಇಲ್ಲವೋ.

ಹಾಗಾದರೆ ಸಂದರ್ಶನವೇ ಅನ್ಯಾಯವೆ? ಬಹಳ ಕಾಲ ಹಾಗೆಯೇ ಎಂದುಕೊಂಡಿದ್ದೆ. ಈಗ ಅಷ್ಟು ಸುಲಭವಾಗಿ ಹೇಳಲಾರೆ. ವಸತಿಶಾಲೆ ಮಗುವನ್ನು ಹಗಲೂ ಇರುಳೂ ಇಟ್ಟುಕೊಳ್ಳುವ ಜಾಗ. ತಾಯಿಯನ್ನು ಬಿಟ್ಟಿರಬಲ್ಲದೆ, ಬರಲು ಅದಕ್ಕೇ ಮನಸ್ಸಿದೆಯೇ ಅಥವಾ ಮನೆಯವರ ಒತ್ತಾಯವೇ ಎಂಬುದನ್ನು ದುಂಡುಗಳ ಕಾಗದ ಹೇಳದು. ನಮ್ಮ ಶಾಲೆಯಲ್ಲಿ ಮೊದಲ ತಿಂಗಳಲ್ಲಿಯೇ ಇಬ್ಬರು ಹುಡುಗರು ಟ್ರಂಕು ಹೊತ್ತು ಊರಿಗೆ ಹೊರಟುಹೋದರು. ಇಬ್ಬರೂ ನನಗಿಂತ ಹೆಚ್ಚು ಅಂಕ ಪಡೆದವರು. ಸೇರುವ ಮುಂಚೆ ಯಾರಾದರೂ ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿಸಿದ್ದರೆ ಆ ಎರಡು ಸ್ಥಾನಗಳು ಹಂಬಲಿಸುತ್ತಿದ್ದ ಬೇರೆ ಇಬ್ಬರಿಗೆ ಸಿಗುತ್ತಿದ್ದುವು.

ದೋಷವಿರುವುದು ಪ್ರಶ್ನೆಗಳ ಆಯ್ಕೆಯಲ್ಲಿ. ಕೆಲವು ಪ್ರಶ್ನೆಗಳ ಉತ್ತರ ಮಗುವಿನ ಮನೆಯಲ್ಲಿರುತ್ತದೆ. ಕೆಲವುಗಳ ಉತ್ತರ ಮಗುವಿನಲ್ಲಿಯೇ ಇರುತ್ತದೆ. ಯಾವ ಪತ್ರಿಕೆ, ಯಾವ ಪ್ರವಾಸ, ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರು ಎಂಬುವು ಮೊದಲ ಬಗೆಯವು. ಇವಕ್ಕೆ ಬರುವ ಉತ್ತರದಿಂದ ತಂದೆಯ ಸಂಬಳ ತಿಳಿದೀತೇ ಹೊರತು ಮಗುವಿನ ಬುದ್ಧಿ ತಿಳಿಯದು. ಅದೇ, "ನಿಮ್ಮೂರಿಗೆ ನಾನು ಬರಬೇಕು, ಬಸ್ಸಿಳಿದ ಮೇಲೆ ನಿನ್ನ ಮನೆಗೆ ದಾರಿ ಹೇಳು" ಎಂದು ಕೇಳಿದರೆ, ಬುದ್ಧಿಯಿರುವ ಮಗು ಅರಳೀಕಟ್ಟೆ, ಹಾಲಿನ ಡೈರಿ, ಬಾಗಿದ ಕಂಬ ಎಲ್ಲವನ್ನೂ ಕ್ರಮವಾಗಿ ಹೇಳುತ್ತದೆ. ಕ್ರಮವಾಗಿ ಹೇಳುವುದೂ, ಕೇಳುವವನಿಗೆ ತಿಳಿಯದುದು ಯಾವುದೆಂದು ಊಹಿಸಿ ಹೇಳುವುದೂ ಸಣ್ಣ ಬುದ್ಧಿಯ ಕೆಲಸವಲ್ಲ. ಮಳೆ ಬರುವ ಸೂಚನೆ ಹೇಗೆ ತಿಳಿಯುತ್ತದೆ, ತಮ್ಮನನ್ನು ಅಳದಂತೆ ಹೇಗೆ ಸುಮ್ಮನಾಗಿಸುತ್ತೀಯೆ ಎಂದು ಕೇಳಬಹುದು. ತಂದೆಯ ಕಸುಬನ್ನೂ ಕೇಳಬಹುದು. ಕೇಳಿ ಅಲ್ಲಿಗೇ ನಿಲ್ಲಿಸಬಾರದು. ಒಂದು ಚೀಲ ಎಷ್ಟು ತೂಕ, ಒಬ್ಬರೇ ಹೇಗೆ ಎತ್ತುತ್ತಾರೆ ಎಂದು ಅಂದು ನನ್ನನ್ನು ಯಾರಾದರೂ ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ. ತಂದೆಗೆ ಮಧ್ಯಾಹ್ನದ ಬುತ್ತಿ ಕೊಂಡೊಯ್ಯುತ್ತಿದ್ದವನು ನಾನೇ.

ಮಕ್ಕಳನ್ನು ಸಿದ್ಧಪಡಿಸುವ ನಮ್ಮ ತಪ್ಪೂ ಇದರಲ್ಲಿದೆ. ನಾವು ಉತ್ತರಗಳನ್ನು ಕಲಿಸುತ್ತೇವೆ. ಕೋಣೆಯನ್ನು ಪರಿಚಯ ಮಾಡಿಸುವುದಿಲ್ಲ. ಮೇಜಿನಾಚೆ ಅಪರಿಚಿತರು ಕುಳಿತಿರುತ್ತಾರೆ, ನಡುವೆ ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ, ಅದು ನಿನ್ನ ತಪ್ಪಿನ ಮಾತಾಗಿರಬೇಕೆಂದಿಲ್ಲ ಎಂದು ಮೊದಲೇ ತಿಳಿಸಬೇಕು. ಪ್ರಶ್ನೆ ಕೇಳಿಸದಿದ್ದರೆ ಇನ್ನೊಂದು ಸಲ ಹೇಳಿ ಎನ್ನಬಹುದೆಂದೂ, ಗೊತ್ತಿಲ್ಲದುದನ್ನು ಗೊತ್ತಿಲ್ಲ ಎನ್ನಬಹುದೆಂದೂ ಹೇಳಿಕೊಡಬೇಕು. ಶಾಲೆಯಲ್ಲಿ 'ಗೊತ್ತಿಲ್ಲ' ಎಂದುದಕ್ಕೆ ಏಟು ತಿಂದ ಮಗುವಿಗೆ ಇದು ಅಷ್ಟು ಬೇಗ ಒಗ್ಗುವುದಿಲ್ಲ. ನಾಲ್ಕಾರು ಸಲ ಅಭ್ಯಾಸ ಮಾಡಿಸಬೇಕು. ತಾಯಿಯನ್ನು ಬಿಟ್ಟಿರುತ್ತೀಯಾ ಎಂದು ಕೇಳಿದಾಗ ಕಣ್ಣಲ್ಲಿ ನೀರು ಬಂದರೆ ಒರೆಸಿಕೊಂಡು ಮಾತು ಮುಂದುವರಿಸಿದರೆ ಸಾಕು. ಸೆಟೆದು ನಿಂತು "ಇರ್ತೀನಿ ಸಾರ್" ಎಂದು ಕೂಗುವುದನ್ನು ಕಲಿಸುವವರುಂಟು. ಕೇಳಿದವರು ಅದನ್ನು ನಂಬುತ್ತಾರೆಂದು ನನಗನ್ನಿಸುವುದಿಲ್ಲ. ತಂದೆತಾಯಿಗಳಿಗೆ ಮಾತ್ರ ಒಂದು ಮಾತನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಅರ್ಜಿಯಲ್ಲಿ ಏನು ಬರೆದಿದೆಯೋ ಅದನ್ನು ಮಗುವಿಗೆ ಓದಿ ಹೇಳಿರಬೇಕು. ನಮ್ಮ ಮನೆಯ ಬಗ್ಗೆ ಏನು ಬರೆದಿದ್ದಾರೆಂಬುದು ನನಗೆ ಆ ದಿನ ಗೊತ್ತಿರಲಿಲ್ಲ.

ಈ ವರ್ಷ ಮೇಲೆ ಹೇಳಿದ ಚಿಕ್ಕಮ್ಮನ ಮಗಳ ಸರದಿ. ನವೋದಯದ ಪರೀಕ್ಷೆ ಬರೆದಿದ್ದಾಳೆ. ಅದಲ್ಲದೆ ಬೇರೊಂದು ಸಂಸ್ಥೆಯ ವಸತಿಶಾಲೆಗೂ ಅರ್ಜಿ ಹಾಕಿದ್ದೆವು. ಅಲ್ಲಿಂದ 'ಮಾತುಕತೆ'ಗೆ ಕರೆ ಬಂತು. ಎರಡು ವಾರ ಸಂಜೆಯ ಹೊತ್ತು ನಾನು ಹಟ್ಟಿಯ ಮುಂದೆ ಹಳೆಯ ಸ್ಟೂಲು ಹಾಕಿಕೊಂಡು ಸಂದರ್ಶಕನಾದೆ. ಮೊದಲ ದಿನ ಅವಳು ನಗು ತಡೆಯಲಾರದೆ ಒಳಗೆ ಓಡಿಹೋದಳು. ಮೂರನೆಯ ದಿನದ ಹೊತ್ತಿಗೆ ನನಗೇ ತಿರುಗಿ ಪ್ರಶ್ನೆ ಹಾಕತೊಡಗಿದಳು: ನೀನು ಹಾಸ್ಟೆಲಿನಲ್ಲಿ ರಾತ್ರಿ ಅತ್ತಿದ್ದೆಯಾ, ಎಷ್ಟು ದಿನ ಅತ್ತೆ ಎಂದು. ಹದಿನೈದು ದಿನ ಎಂದು ನಿಜವನ್ನೇ ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹದಿನೈದೇ ತಾನೆ" ಎಂದಳು.

ಕರೆದ ದಿನ ಚಿಕ್ಕಪ್ಪ ಊರಿನಲ್ಲಿರಲಿಲ್ಲ. ಕುರಿ ಹೊಡೆದುಕೊಂಡು ಮೇವಿದ್ದ ಕಡೆ ಹೋಗಿದ್ದರು. ಚಿಕ್ಕಮ್ಮನೂ ನಾನೂ ಅವಳನ್ನು ಕರೆದೊಯ್ದೆವು. ತಾಯಿ ಮಗಳು ಒಳಗೆ ಹೋದರು. ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತೆ. ನನ್ನ ಅಂಗೈ ಬೆವತುಹೋಗಿತ್ತು. ಹತ್ತು ನಿಮಿಷವೆಂದಿದ್ದವರು ಇಪ್ಪತ್ತು ನಿಮಿಷವಾದರೂ ಬಿಡಲಿಲ್ಲ. ಅವಳು ಹೊರಗೆ ಬಂದೊಡನೆ ಏನು ಕೇಳಿದರೆಂದೆ.

"ಅಪ್ಪ ಏನ್ ಕೆಲ್ಸ ಮಾಡ್ತಾರೆ ಅಂದ್ರು."

"ನೀನು ಏನಂದೆ?"

"ಕುರಿ ಕಾಯ್ತಾರೆ ಅಂದೆ. ಎಷ್ಟು ಕುರಿ ಅಂದ್ರು. ನಲವತ್ತೆರಡು, ಅದ್ರಾಗೆ ಒಂದು ಕುಂಟು, ಅದು ನಂದು ಅಂದೆ. ಅಷ್ಟು ಕುರಿಯಾಗೆ ನಿಂದು ಯಾವ್ದು ಅಂತ ಕತ್ಲಾಗೆ ಹೆಂಗೆ ಗೊತ್ತಾಗ್ತೈತೆ ಅಂತ ಕೇಳಿದ್ರು ಅಣ್ಣಾ. ಅದನ್ನ ಹೇಳೋಕೇ ಇಷ್ಟೊತ್ತಾತು."

ಇದನ್ನು ಬರೆಯುವ ಹೊತ್ತಿಗೆ ಎರಡು ಕಡೆಯ ಫಲಿತಾಂಶವೂ ಬಂದಿಲ್ಲ. ರಾಜ್ಯದ ವಸತಿಶಾಲೆಗಳ ಅರ್ಜಿಗೆಂದು ಅವಳ ಆದಾಯದ ಪತ್ರ ಇನ್ನೂ ನಾಡಕಚೇರಿಯಿಂದ ಬರಬೇಕಾಗಿದೆ. ಬರುವ ಸೋಮವಾರ ನಾನೇ ಹೋಗಿ ವಿಚಾರಿಸುತ್ತೇನೆ.